ಹುಳುಮನೆಯ ಬಾಗಿಲಿಗೆ ಬಂದ ಕೇತಮ್ಮ

ಸೊಪ್ಪು ಮಾರುವವಳು ಬುಟ್ಟಿಯ ಮೇಲಿನ ಒದ್ದೆ ಗೋಣಿಚೀಲವನ್ನು ಎತ್ತಿದಾಗ ಏಳುವ ವಾಸನೆ ನನಗೆ ಆಗದು. ಕೆಟ್ಟ ವಾಸನೆಯೇನಲ್ಲ. ತೊಯ್ದ ಸೆಣಬು, ಬೆಚ್ಚಗೆ ಕಾವು ಹಿಡಿದ ಎಲೆ, ಒಂದಿಷ್ಟು ಮಣ್ಣು. ಆದರೆ ಅದು ಮೂಗಿಗೆ ಬಡಿದದ್ದೇ ತಡ, ಮೊಮ್ಮಕ್ಕಳನ್ನು ಕಂಡ ಈ ಮುದುಕಿ ಮಾಂಬಳ್ಳಿಯ ನಮ್ಮ ಮನೆಯ ಕಂಬಕ್ಕೆ ಒರಗಿ ನಿಂತ ಒಂಬತ್ತು ವರ್ಷದ ಹುಡುಗಿಯಾಗಿಬಿಡುತ್ತಾಳೆ. ನಮ್ಮದು ರೇಷ್ಮೆಹುಳು ಸಾಕುವ ಮನೆ. ನಡುಮನೆಯ ಪಕ್ಕದ ಕತ್ತಲೆ ಕೋಣೆಯೇ ಹುಳುಮನೆ; ಅಲ್ಲಿ ಬಿದಿರಿನ ತಟ್ಟೆಗಳು ಅಟ್ಟಣಿಗೆಯ ಮೇಲೆ ಸಾಲಾಗಿ ಕೂತಿರುತ್ತಿದ್ದವು. ತೋಟದಿಂದ ಬಂದ ಹಿಪ್ಪುನೇರಳೆ ಸೊಪ್ಪನ್ನು ಬಾಡದಂತೆ ಒದ್ದೆ ಗೋಣಿ ಮುಚ್ಚಿ ಇಡುತ್ತಿದ್ದರು. ಆಗಿನ್ನೂ ನಾವು ಮೈಸೂರು ಸೀಮೆಯವರು, ಪಕ್ಕದ ಕೊಳ್ಳೇಗಾಲ ಮದರಾಸಿಗೆ ಸೇರಿದ್ದು. ಹುಳುವಿಗೆ ಮಾತ್ರ ಎರಡೂ ಕಡೆ ಒಂದೇ ಕಟ್ಟುಪಾಡು.

ಆ ಕಟ್ಟುಪಾಡುಗಳ ಯಜಮಾನಿ ನನ್ನ ಸೋದರತ್ತೆ ಶಿವಮ್ಮ. ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ತನ್ನ ಪ್ರೀತಿಯನ್ನೆಲ್ಲ ಹುಳುವಿನ ಮೇಲೂ, ಮಿಕ್ಕದ್ದನ್ನು ನನ್ನ ಮೇಲೂ ಸುರಿದಿದ್ದಳು. ಸ್ನಾನ ಮಾಡದೆ ಹುಳುಮನೆಗೆ ಕಾಲಿಡುವಂತಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈ ಒಳಗೆ ಬರುವಂತಿಲ್ಲ. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತಿದ್ದೆವು. ಜ್ವರಕ್ಕೆ ಕೂತಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುವಂತೆಯೂ ಇರಲಿಲ್ಲ. ಹೊರಗಿನವರ ಕಣ್ಣು ಹುಳುವಿನ ಮೇಲೆ ಬೀಳಕೂಡದು. ಬಿದ್ದರೂ, ಚೆನ್ನಾಗಿವೆ ಎಂಬ ಮಾತು ಬಾಯಿಂದ ಬರಲೇಕೂಡದು. ಮನೆಯವರೇ ಆದ ನಾವು ಕೂಡ ಹುಳು ಹೇಗಿವೆ ಎಂದು ಯಾರಾದರೂ ಕೇಳಿದರೆ ಮುಖ ಸಪ್ಪೆ ಮಾಡಿಕೊಂಡು, ಏನೋ ಅವೆ, ಅಂದುಬಿಡಬೇಕಿತ್ತು.

ಕೇತಮ್ಮ ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬರುತ್ತಿದ್ದ ಸೋಲಿಗರ ಹೆಂಗಸು. ಜೇನು, ಸೀಗೆಕಾಯಿ, ಪೊರಕೆ ತರುತ್ತಿದ್ದಳು. ಹುಳು ಸಾಕುವ ಕಾಲದಲ್ಲಿ ತೋಟದ ಅಂಚಿನ ಗುಡಿಸಲಲ್ಲೇ ಉಳಿದು ನಮಗೆ ಸೊಪ್ಪು ಕೊಯ್ದು ಕೊಡುತ್ತಿದ್ದಳು. ಬೆಳೆ ಮುಗಿದ ಮೇಲೆ ಹೊತ್ತುಕೊಂಡು ಹೋಗುವ ರಾಗಿಯಲ್ಲೇ ಮಳೆಗಾಲ ಕಳೆಯಬೇಕು ಎಂದು ಅವಳೇ ನನಗೆ ಹೇಳಿದ್ದಳು. ಮೂರು ಮಕ್ಕಳಂತೆ. ನನ್ನ ಅವ್ವನಿಗಿಂತ ದೊಡ್ಡವಳಾದರೂ ನಾನು ಅವಳನ್ನು ಹೋಗೇ ಬಾರೇ ಅನ್ನುತ್ತಿದ್ದೆ. ಯಾರೂ ತಿದ್ದಲಿಲ್ಲ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ನನಗೆ ಕಣ್ಣು ಕೊಟ್ಟವಳು ಅವಳು. ಅಲ್ಲಿಯವರೆಗೆ ನಾನು ತೋಟಕ್ಕೆ ಹೋಗಿ ಬಂದದ್ದುಂಟು, ತೋಟವನ್ನು ನೋಡಿರಲಿಲ್ಲ. ನಿಂಬೆಗಿಡದ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಎಂದು ನಾನು ಮುಖ ಸಿಂಡರಿಸಿದರೆ, ಅವಳು ಅದನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ತಟ್ಟಿದಳು. ಹಿಕ್ಕೆಗೆ ಕೆಂಪು ಕೊಂಬು ಮೂಡಿ, ಗಬ್ಬೆಂದು ನಾತ ಹೊಡೆಯಿತು. ಚಿಟ್ಟೆಯ ಮರಿಯಂತೆ ಅದು! ಬೇಲಿಯ ಒಣಕಡ್ಡಿಯೊಂದು ಗಾಳಿಯಿಲ್ಲದಿದ್ದರೂ ತೂಗಾಡುತ್ತಿತ್ತು. ನೋಡಿದರೆ ಅದಕ್ಕೆ ಆರು ಕಾಲು. ಹಳದಿ ಪಟ್ಟೆ ಹೊತ್ತು ಕಣಜದ ಹಾಗೆ ಗುಂಯ್‌ಗುಡುತ್ತಿದ್ದುದನ್ನು ಅವಳು ಬರಿಗೈಯಲ್ಲಿ ಹಿಡಿದಳು. ನಾನು ಕಿರುಚಿದೆ. ಅದಕ್ಕೆ ಕೊಂಡಿಯೇ ಇರಲಿಲ್ಲ, ಬರೀ ನೊಣ. ತೆರೆದರೆ ಬಣ್ಣ, ಮುಚ್ಚಿದರೆ ತರಗೆಲೆ ಆಗುವ ಚಿಟ್ಟೆಯನ್ನು ತೋರಿಸಿದಳು, ಅದರ ರೆಕ್ಕೆಯಲ್ಲಿ ಎಲೆಯ ನರ ಕೂಡ ಇತ್ತು. "ಎಂಥಾ ಸುಳ್ ಬುರುಕುಗಳು ಕಣೇ ಇವು!" ಅಂದೆ ನಾನು. ಕೇತಮ್ಮ ನಕ್ಕಳು. "ಸುಳ್ಳಲ್ಲ ಕೂಸೇ, ಬದುಕು. ಅಕ್ಕಿಪಕ್ಕಿ ಬಾಯಿಗೆ ಸಿಕ್ಕಿದ್ರೆ ಪ್ರಾಣ ಓಯ್ತದಲ್ಲ, ಅದ್ಕೇ ಇಂಗ್ ಯಾಸ ಕಟ್ಕತದೆ," ಅಂದಳು.

ಒಂದು ಸಂಜೆ ಸೊಪ್ಪಿನ ಹೊರೆಯಲ್ಲಿ ನನ್ನ ಬೆರಳುದ್ದದ ಹಸಿರು ಹುಳವೊಂದು ಸಿಕ್ಕಿತು. ಕೈ ಮುಗಿದುಕೊಂಡು ದೇವರ ಮುಂದೆ ಕೂತ ಭಂಗಿ. ರೆಕ್ಕೆ ಥೇಟು ಎಲೆ. ಹಿಪ್ಪುನೇರಳೆಯ ಮೇಲೆ ಇಟ್ಟರೆ ಕಣ್ಣೆದುರೇ ಮಾಯ. ಕೇತಮ್ಮನಿಗೆ ಅದು ಸೇರಲಿಲ್ಲ. "ಇದು ಬ್ಯಾರೆ ಜಾತೀದು ಕಣವ್ವ. ತಿನ್ನುಸ್ಕಳ್ದಂಗೆ ಅವಿತಿರದಲ್ಲ ಇದು, ತಿನ್ನಕ್ಕೇ ಅವಿತಿರದು. ಬೇಲಿಗೆ ಬುಟ್ಬುಡು," ಅಂದಳು. ಹೂಂ ಅಂದೆ. ಬೇಲಿಯವರೆಗೂ ಹೋದೆ. ಬಿಡಲು ಮನಸ್ಸು ಬರಲಿಲ್ಲ. ಎಲ್ಲವನ್ನೂ ಕಾಣುವ ನಮ್ಮತ್ತೆಯ ಕಣ್ಣಿಗೆ ಇದು ಕಾಣುತ್ತದೋ ಇಲ್ಲವೋ ನೋಡಬೇಕು ಎಂಬ ಹುಚ್ಚು ಹತ್ತಿತ್ತು. ಎಲೆಯಲ್ಲಿ ಸುತ್ತಿ ಲಂಗದ ಮಡಿಲಿಗೆ ಹಾಕಿಕೊಂಡೆ.

ಅಷ್ಟು ಸಾಲದು ಎಂಬಂತೆ ಆ ಸಂಜೆಯೇ ಇನ್ನೊಂದು ಕೆಲಸ ಮಾಡಿದೆ. ತೋಟವನ್ನೆಲ್ಲ ತೋರಿಸಿದವಳಿಗೆ ನಾನೂ ಏನಾದರೂ ತೋರಿಸಬೇಡವೇ? ನಮ್ಮ ಮನೆಯಲ್ಲಿದ್ದದ್ದು ಹುಳು. ಸೊಪ್ಪಿನ ಹೊರೆ ಇಳಿಸಿ ಅಂಗಳದಲ್ಲೇ ನಿಂತಿದ್ದವಳ ಕೈ ಹಿಡಿದು ಎಳೆದೆ. ಬ್ಯಾಡ ಕೂಸೇ, ಅವ್ವಾರು ಬೈತಾರೆ, ಅಂತ ಅವಳು ಕಾಲು ಹಿಂದಕ್ಕೆ ಇಟ್ಟಳು. ನಾನು ಬಿಡಲಿಲ್ಲ. ಹುಳುಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಇಣುಕಿದಳು. ಮೂರನೇ ಜ್ವರ ಎದ್ದ ಹುಳುಗಳು ಬೆಳ್ಳಗೆ ಹರಡಿದ್ದವು. "ಅಯ್, ಎಷ್ಟ್ ಚಂದಾಗವೆ!" ಅಂದುಬಿಟ್ಟಳು. ಯಾವತ್ತೂ ಬಾಗಿಲಾಚೆಯೇ ಉಳಿದ ಬೆಟ್ಟದವಳಿಗೆ, ಹೊಗಳಬಾರದೆಂಬ ನಮ್ಮ ಕಟ್ಟುಪಾಡು ಏನು ಗೊತ್ತು? ಹಿತ್ತಲಿನಿಂದ ಬರುತ್ತಿದ್ದ ಅತ್ತೆಯ ಕಿವಿಗೆ ಆ ಮಾತು ಬಿತ್ತು. ಅವಳ ಮುಖ ಕಪ್ಪಿಟ್ಟಿತು. ಅವಳು ಉಪ್ಪು ಮೆಣಸಿನಕಾಯಿ ನೀವಾಳಿಸಲು ಒಲೆಯ ಹತ್ತಿರ ಹೋದ ಹೊತ್ತಿನಲ್ಲೇ ನಾನು ಒಳಗೆ ನುಗ್ಗಿ, ಮಡಿಲಲ್ಲಿದ್ದ ಆ ಹಸಿರು ಹುಳವನ್ನು ತಟ್ಟೆಯ ಸೊಪ್ಪಿನ ಮೇಲೆ ಬಿಟ್ಟೆ.

ಬೆಳಗ್ಗೆ ಅತ್ತೆಯ ಕೂಗಿಗೆ ಎದ್ದೆ. ಆ ತಟ್ಟೆಯಲ್ಲಿ ಏಳೆಂಟು ಹುಳು ಸತ್ತಿದ್ದವು. ಕೆಲವಕ್ಕೆ ತಲೆಯಿಲ್ಲ, ಕೆಲವು ಅರ್ಧ. ಇಲಿ ಕಚ್ಚಿದ್ದಲ್ಲ, ಇರುವೆ ಮುತ್ತಿದ್ದಲ್ಲ. ಅಕ್ಕಪಕ್ಕದ ಹೆಂಗಸರು ಅಂಗಳದಲ್ಲಿ ಸೇರಿದರು. ಕಣ್ಣು ಬಿತ್ತು ಎಂದು ಅತ್ತೆ ಎದೆ ಎದೆ ಬಡಿದುಕೊಂಡಳು. ಅದೇ ಹೊತ್ತಿಗೆ ಕೇತಮ್ಮ ಮೊದಲ ಹೊರೆ ಸೊಪ್ಪು ಹೊತ್ತು ಬಂದಳು. ಹೊರೆ ಇಳಿಸಲೂ ಬಿಡಲಿಲ್ಲ. "ಬೆಟ್ಟದ್ ಮುಂಡೆ, ನಿನ್ ಕಣ್ಗೆ ಮಣ್ಣಾಕ! ಉಂಡ್ ಮನೆಗೇ ಕಣ್ ಆಕುದ್ಯಲ್ಲೇ!" ಎಂದು ಅತ್ತೆ ಕಿರುಚಿದಳು. ಕೇತಮ್ಮ ಹೊರೆ ಹೊತ್ತೇ ನಿಂತಿದ್ದಳು. ಸತ್ತ ಹುಳುಗಳನ್ನು ಮೊರದಲ್ಲಿ ತಂದು ಅವಳ ಕಾಲ ಬಳಿ ಸುರಿದರು. ಅವಳು ಬಗ್ಗಿ ನೋಡಿದಳು. ಕಾಡಿನವಳಿಗೆ ಕಚ್ಚಿದ ಗುರುತು ತಿಳಿಯದೇ? ತಲೆಯೆತ್ತಿ ಸೀದಾ ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ. ತೋಟದಲ್ಲಿ ಏನಾದರೂ ತೋರಿಸುವಾಗಿನ ಅದೇ ಮೆಲುದನಿಯಲ್ಲಿ ಕೇಳಿದಳು, "ಕೂಸೇ, ನೆನ್ನೆ ಆ ಉಳ ಎಲ್ ಬುಟ್ಟೆ?"

ಒಂದೇ ಒಂದು ಮಾತು ಸಾಕಿತ್ತು. ನಾನು ಕಂಬಕ್ಕೆ ಬೆನ್ನು ಒತ್ತಿ, ಉಸಿರು ಬಿಗಿಹಿಡಿದು ನಿಂತಿದ್ದೆ. "ಬೇಲಿಗೆ," ಅಂದೆ. ಅವಳು ಮತ್ತೆ ಕೇಳಲಿಲ್ಲ. ನನ್ನ ಹೆಸರು ಎತ್ತಲಿಲ್ಲ. ಹೊರೆಯನ್ನು ಮೆಲ್ಲಗೆ ಇಳಿಸಿ, ಸೊಪ್ಪು ಬಾಡದಿರಲೆಂದು ಗೋಣಿ ಮುಚ್ಚಿ, ಹೊರಟುಹೋದಳು. ತೋಟದ ಆ ಹುಳಗಳನ್ನು ಸುಳ್ಳುಬುರುಕರೆಂದು ಬೈಯಲು ನನಗೆ ಯಾವ ಬಾಯಿದೆ ಹೇಳಿ. ಅವು ಅವಿತದ್ದು ಪ್ರಾಣಕ್ಕಾಗಿ. ನನ್ನನ್ನು ಯಾರು ತಿನ್ನುತ್ತಿದ್ದರು? ಬೆನ್ನಿಗೆ ಎರಡು ಗುದ್ದು ಬೀಳುತ್ತಿತ್ತು, ಸಂಜೆಗೆ ಅತ್ತೆಯೇ ಬೆಲ್ಲ ಕೊಟ್ಟು ಸಮಾಧಾನ ಮಾಡುತ್ತಿದ್ದಳು. ಆ ಎರಡು ಗುದ್ದು ತಪ್ಪಿಸಿಕೊಳ್ಳಲು ಮೂರು ಮಕ್ಕಳ ತಾಯಿಯ ಅನ್ನ ಕಳೆದೆ. ಥೂ, ನನ್ನ ಜನ್ಮಕ್ಕಿಷ್ಟು!

ಆ ವಾರವೇ ಜಡಿಮಳೆ ಹಿಡಿದು ಊರಿನ ಹುಳುವಿಗೆಲ್ಲ ಹಾಲುರೋಗ ಬಂದು ಬೆಳೆ ಹಾಳಾಯಿತು. ಅದು ತೇವಕ್ಕೆ ಹಬ್ಬುವ ರೋಗ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಆದರೆ ಆಗ ಊರಿಗೆ ಊರೇ ಕೇತಮ್ಮನ ಕಣ್ಣನ್ನು ಶಪಿಸಿತು. ಆಚೆ ಕೊಳ್ಳೇಗಾಲದ ಕಡೆಯ ಹುಳುಮನೆಗಳಿಗೂ ಸುದ್ದಿ ಮುಟ್ಟಿತು. ಆಮೇಲೆ ಯಾರೂ ಅವಳನ್ನು ಸೊಪ್ಪು ಕೊಯ್ಯಲು ಕರೆಯಲಿಲ್ಲ, ಅಂಗಳಕ್ಕೂ ಬಿಟ್ಟುಕೊಳ್ಳಲಿಲ್ಲ. ಮಾರನೆಯ ವರ್ಷ ಯಳಂದೂರಿನ ಸಂತೆಯಲ್ಲಿ ಒಮ್ಮೆ ಕಂಡಳು. ಮುಂದೆ ನಾಲ್ಕು ಪೊರಕೆ ಇಟ್ಟುಕೊಂಡು ಕೂತಿದ್ದಳು, ಕೆನ್ನೆಯ ಮೂಳೆ ಎದ್ದಿತ್ತು. ಕೊಳ್ಳಲು ಬಂದವಳೊಬ್ಬಳ ಕಿವಿಯಲ್ಲಿ ಮತ್ತೊಬ್ಬಳು ಏನೋ ಉಸುರಿದಳು, ಇಬ್ಬರೂ ಮುಂದೆ ಹೋದರು. ನಾನು ಅತ್ತೆಯ ಸೆರಗಿನ ಮರೆಗೆ ಸರಿದೆ. ಆಮೇಲೆ ಅವಳನ್ನು ನಾನು ನೋಡಲಿಲ್ಲ.

ಮದುವೆಯಾಗಿ ಕಾಮಗೆರೆಗೆ ಹೋದೆ, ಮಕ್ಕಳಾದವು. ಶಿವಮ್ಮತ್ತೆ ಹಾಸಿಗೆ ಹಿಡಿದಾಗ ಹದಿನೈದು ದಿನ ಆರೈಕೆಗೆಂದು ತವರಿಗೆ ಬಂದಿದ್ದೆ. ಹುಳುಮನೆ ಆಗಲೇ ಹಳೆ ಸಾಮಾನಿನ ಕೋಣೆಯಾಗಿತ್ತು. ಒಂದು ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸುತ್ತಾ ಇದ್ದಕ್ಕಿದ್ದಂತೆ ಎಲ್ಲವನ್ನೂ ಹೇಳಿಬಿಟ್ಟೆ. ಅಳುತ್ತಲೇ ಹೇಳಿದೆ. ಅತ್ತೆ ಗಂಜಿಯ ಬಟ್ಟಲನ್ನು ಕೈಯಿಂದ ಸರಿಸಿದಳು. ಆಮೇಲೆ, "ನಂಗೊತ್ತಿತ್ತು ಕಣವ್ವ," ಅಂದಳು. "ಅವತ್ತೇ ಮದ್ಯಾನಕ್ಕೆ ಸೊಪ್ಪು ಬದ್ಲಾಯಿಸ್ವಾಗ ಸಿಕ್ತು. ಕೈಲಿ ಉಳ ಇಡ್ಕಂಡ್ ತಿಂತಾ ಕುಂತಿತ್ತು. ಅವ್ಳು ನಿನ್ನ ಕೇಳುದ್ ಉಳ ಇದೇ ಅಂತ ಗೊತ್ತಾಯ್ತು, ಒಸ್ಕಾಕ್ದೆ. ಅಷ್ಟೊತ್ಗೆ ಊರ್ ಮುಂದೆಲ್ಲ ಕೂಗ್ಬುಟ್ಟಿದ್ದೆ. ಇಂದಕ್ ತಕಳದೆಂಗೆ? ನಮ್ಮನೆ ಕೂಸಿನ್ ಎಸ್ರು ಯೋಳದೆಂಗೆ?"

ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಲಿ? ಒಂದೇ ಸೂರಿನಡಿ ಇಬ್ಬರೂ ಅಷ್ಟು ವರ್ಷ ಒಂದೇ ಸುಳ್ಳಿನೊಳಗೆ ಅವಿತಿದ್ದೆವು, ಒಬ್ಬರಿಗೊಬ್ಬರು ಕಾಣದ ಹಾಗೆ. ಬಟ್ಟಲು ಕೆಳಗಿಟ್ಟೆ. ನಾಳೆಯೇ ಬೆಟ್ಟಕ್ಕೆ ಹೋಗುತ್ತೇನೆ, ಅವಳಿದ್ದರೆ ಅವಳ ಕಾಲಿಗೆ, ಇಲ್ಲದಿದ್ದರೆ ಮಕ್ಕಳ ಕಾಲಿಗೆ ಬೀಳುತ್ತೇನೆ ಅಂದೆ. ಬೆಟ್ಟದಲ್ಲಿ ಸೋಲಿಗರ ಹಾಡಿಗಳು ಒಂದೆರಡಲ್ಲ. ಅವುಗಳನ್ನು ಪೋಡು ಅನ್ನುತ್ತಾರೆ. ಕೇತಮ್ಮನದು ಯಾವ ಪೋಡು ಎಂದು ಅತ್ತೆಯನ್ನು ಕೇಳಿದೆ. ಅವಳು ಕಣ್ಣು ಮುಚ್ಚಿ ಯೋಚಿಸಿದಳು. ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಅಪ್ಪನನ್ನು ಕೇಳಿದೆ, ಅಕ್ಕಪಕ್ಕದ ಮನೆಯ ಹಳಬರನ್ನೂ ಕೇಳಿದೆ. ಬೆಟ್ಟದೋಳು, ಅಷ್ಟೇ ಗೊತ್ತು, ಅಂದರು. ಎಷ್ಟೋ ವರ್ಷ ನಮ್ಮ ಅಂಗಳದಲ್ಲಿ ಕೂತು ಉಂಡವಳನ್ನು ನಿನ್ನ ಊರು ಯಾವುದು ಎಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.