ಚರ್ಚಿನ ಅಂಗಳದಲ್ಲಿ ಸಣ್ಣ ರೊಟ್ಟಿ

ನಾನು ಚಿಕ್ಕವನಿದ್ದಾಗ ಒಂದು ಕ್ರಿಸ್‌ಮಸ್ಸಿಗೆ ಮುಂಬೈಯ ಮಲಾಡಿನ ಚರ್ಚಿನವರು ನಮಗೆ ಊಟ ಹಾಕಿದರು, ಅಂದೇ ಅವ್ವ ಚೇತರಿಸಿಕೊಂಡಳು ಎಂದು ಅಪ್ಪ ಹೇಳುತ್ತಾನೆ. ಮಕ್ಕಳೇ, ನಿಮ್ಮ ಅಜ್ಜನ ಈ ಕಥೆಯನ್ನು ನೀವು ಹಬ್ಬ ಹಬ್ಬಕ್ಕೂ ಕೇಳಿದ್ದೀರಿ. ನಾನು ಒಪ್ಪುವುದಿಲ್ಲ. ಮಾಮಾ ಎಲ್ಲದಕ್ಕೂ ವಾದ ಹೂಡುತ್ತಾನೆ ಎಂದು ನಗಬೇಡಿ. ಊಟ ಹಾಕಿದವರು ಯಾರು, ಉಂಡವರು ಯಾರು? ಮೊದಲು ಅದು ಇತ್ಯರ್ಥವಾಗಲಿ.

ಆಗ ನಾವು ಮಲಾಡಿನ ಚಾಳೊಂದರ ಒಂಟಿ ಕೋಣೆಯಲ್ಲಿದ್ದೆವು. ಅಪ್ಪ ಗೌಂಡಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು. ಆ ವರ್ಷ ದೀಪಾವಳಿ ಮುಗಿದ ಮೇಲೆ ನನ್ನ ಪುಟ್ಟ ತಮ್ಮ ಜ್ವರದಲ್ಲಿ ತೀರಿಕೊಂಡ. ಅವ್ವ ಅಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ನಿಮ್ಮ ಅಮ್ಮ, ಅಂದರೆ ನನ್ನ ಅಕ್ಕ, ಶಾಲೆಯಿಂದ ಬಂದು ಅನ್ನಕ್ಕಿಡುತ್ತಿದ್ದಳು. ಮನೆತುಂಬ ಸೀದ ವಾಸನೆ.

ಚರ್ಚಿನವರು ಬಂದರು. ಕಂಬಳಿ ತಂದರು, ಕೇಕ್ ತಂದರು, ಬಾಗಿಲಲ್ಲಿ ನಿಂತು ಪ್ರಾರ್ಥಿಸಿದರು. ಒಳ್ಳೆಯವರೇ. ಆದರೆ ಅವ್ವ ತಿರುಗಿ ಕೂಡ ನೋಡಲಿಲ್ಲ. ಕಂಬಳಿ ಮಡಿಕೆ ಬಿಚ್ಚದೆ ಟ್ರಂಕಿನ ಮೇಲೆ ಉಳಿಯಿತು. ಕೇಕಿಗೆ ಇರುವೆ ಮುತ್ತಿದವು.

ಹಬ್ಬದ ಹಿಂದಿನ ದಿನ ಚರ್ಚಿನ ಅಡುಗೆ ನೋಡಿಕೊಳ್ಳುವ ಆಂಟಿ ಬಂದರು. ಮಂಗಳೂರಿನ ಕಡೆಯವರು. ಕೈಯಲ್ಲಿ ಜೋಳದ ಹಿಟ್ಟಿನ ಸಣ್ಣ ಪೊಟ್ಟಣ, ಅಷ್ಟೇ.

“ನಾಳೆ ಊಟಕ್ಕೆ ಇಡೀ ಚಾಳೇ ಬರ್ತದೆ. ಬೇಕರಿಯ ಪಾವ್ ಸಾಲುವುದಿಲ್ಲ ಮಾರಾಯ್ತಿ. ನೀವು ಬಂದು ರೊಟ್ಟಿ ಮಾಡಿಕೊಡಬೇಕು. ನಾನು ಮಾಡಿದರೆ ಅದು ಹಪ್ಪಳವೂ ಅಲ್ಲ, ರೊಟ್ಟಿಯೂ ಅಲ್ಲ.”

“ನನ್ ಕೈಲೆ ಆಗಂಗಿಲ್ರಿ,” ಎಂದು ಅವ್ವ ಗೋಡೆಗೇ ಹೇಳಿದಳು.

“ಆಗದಿದ್ದರೆ ಬೇಡ. ಈ ಹಿಟ್ಟಾದರೂ ನೋಡಿ ಹೇಳಿ, ಅಂಗಡಿಯವ ಹಳತು ಕೊಟ್ಟನಾ ಅಂತ.”

ಬಹಳ ಹೊತ್ತಿನ ಮೇಲೆ ಅವ್ವ ಹೊರಳಿದಳು. ಹಿಟ್ಟನ್ನು ಬೆರಳಲ್ಲಿ ಉಜ್ಜಿ, ನಾಲಿಗೆಗೆ ಹಚ್ಚಿ ನೋಡಿದಳು. “ಇದಕ್ಕ ಜಿಗಿನ ಇಲ್ರಿ. ರೊಟ್ಟಿ ಹರೀತಾವ. ಹೊಸಾದು ಬೀಸಿಸ್ರಿ.”

ಮರುದಿನ ಚರ್ಚಿನ ಅಂಗಳದಲ್ಲಿ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ಬಾಲಯೇಸುವಿಗೆ ಹಾಸಿದ ಒಣಹುಲ್ಲಿನ ವಾಸನೆ, ಕೊಬ್ಬರಿ ಅರೆದು ಹಾಕಿದ ಕೋಳಿ ಸಾರಿನ ಘಮ, ಅವುಗಳ ನಡುವೆ ಅವ್ವ ರೊಟ್ಟಿ ಬಡಿಯುವ ಪಟಪಟ ಸಪ್ಪಳ.

“ವೈನಿ, ನಂಗೊಂದು ಬಿಸೀದು ಒಗೀರಿ!” ಎಂದು ಅಪ್ಪನ ಜೊತೆಯ ಗೌಂಡಿಯೊಬ್ಬ ಕೂಗಿದ.

“ಸಾಲಿನ್ಯಾಗ ನಿಂದ್ರೋ. ಇದೇನ ನಿನ್ ಮದಿವೀನ?” ಎಂದಳು ಅವ್ವ.

ಸಾಲಿಗೆ ಸಾಲೇ ನಕ್ಕಿತು. ಅಕ್ಕ ನನ್ನ ಕೈ ಹಿಸುಕಿದಳು. ಚರ್ಚಿನ ಫಾದರ್ ಕೂಡ ತಟ್ಟೆ ಹಿಡಿದು ಅವ್ವನ ಮುಂದೆ ನಿಂತಿದ್ದರು. ಊಟ ಹಾಕಿದವರು ಯಾರು, ಈಗ ಹೇಳಿ.

ಅಪ್ಪನ ಕಥೆ ಇಲ್ಲಿಗೆ ನಿಲ್ಲುತ್ತದೆ. ನನ್ನದು ನಿಲ್ಲುವುದಿಲ್ಲ.

ನೀರು ಕುಡಿಯಲು ಒಳಗೆ ಹೋದಾಗ ಅಡುಗೆಮನೆಯಲ್ಲಿ ನಾನು ಕಂಡದ್ದು ಪಾವ್. ಬಟ್ಟೆ ಮುಚ್ಚಿದ ಬುಟ್ಟಿಗಳನ್ನು ಕಿಟಕಿಯ ಎತ್ತರಕ್ಕೆ ಪೇರಿಸಿದ್ದರು. ಅಲ್ಲಿ ಏನೂ ಕಡಿಮೆ ಬಿದ್ದಿರಲಿಲ್ಲ.

ಹೊರಗೆ ಬಂದಾಗ ಅವ್ವನ ಪರಾತದಲ್ಲಿ ಹಿಟ್ಟು ಮುಗಿಯುತ್ತ ಬಂದಿತ್ತು. ತಮ್ಮ ಇದ್ದಾಗ ಮನೆಯಲ್ಲಿ ದಿನವೂ ಕೊನೆಗೆ ಉಳಿದ ಚೂರು ಹಿಟ್ಟಿನಲ್ಲಿ ಅವಳು ಅಂಗೈಯಷ್ಟಗಲದ ಸಣ್ಣ ರೊಟ್ಟಿ ಮಾಡುತ್ತಿದ್ದಳು. ಅದು ಅವನ ಪಾಲು. ಅವನು ಅವಳ ಬಲಗಡೆ ಕೂತು, ತಟ್ಟೆ ಬಡಿಯುತ್ತ ಕಾಯುತ್ತಿದ್ದ. ಅವ್ವನ ಕೈಗೆ ಅದೇ ರೂಢಿ. ಅವತ್ತೂ ಸಣ್ಣ ರೊಟ್ಟಿ ಬೇಯಿಸಿ, ಊದಿ ಆರಿಸಿ, ನೋಡದೆಯೇ ಬಲಗಡೆಗೆ ಚಾಚಿದಳು.

ಯಾರೂ ತೆಗೆದುಕೊಳ್ಳಲಿಲ್ಲ.

ಚಾಚಿದ ಕೈ ಹಾಗೇ ಇತ್ತು. ಆಮೇಲೆ ಅವಳ ಗಂಟಲಿಂದ ಬಂದ ಸದ್ದನ್ನು ನಾನು ಬರೆದು ತೋರಿಸಲಾರೆ. ಚರ್ಚಿನೊಳಗಿನ ಹಾಡು ನಿಂತುಹೋಯಿತು. ಆಂಟಿ ಹಬ್ಬದ ರೇಷ್ಮೆ ಸೀರೆಯಲ್ಲೇ ಒಲೆಯ ಬೂದಿಯ ಪಕ್ಕ ಕೂತು, ರೊಟ್ಟಿ ಹಿಡಿದ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ರೊಟ್ಟಿ ಅಲ್ಲೇ ತಣ್ಣಗಾಯಿತು.

ಆಮೇಲೆ ಅವ್ವ ಮನೆಯ ಒಲೆ ಹಚ್ಚಿದಳು, ನಿಜ. ಆದರೆ ಸಣ್ಣ ರೊಟ್ಟಿ ಮತ್ತೆಂದೂ ಮಾಡಲಿಲ್ಲ. ಉಳಿದ ಹಿಟ್ಟನ್ನು ಕೊನೆಯ ದೊಡ್ಡ ರೊಟ್ಟಿಗೇ ಸೇರಿಸಿಬಿಡುತ್ತಾಳೆ. ಇದನ್ನು ಚೇತರಿಕೆ ಅನ್ನುವುದಾದರೆ ಅನ್ನಿ.

ನೀವು ಗೋರೆಗಾಂವಿನ ದೊಡ್ಡ ಬಿಲ್ಡಿಂಗಿನಲ್ಲಿ ಬೆಳೆಯುತ್ತಿದ್ದೀರಿ. ಮೊಬೈಲ್ ಒತ್ತಿದರೆ ಕೇಕ್ ಬರುತ್ತದೆ. ಪಕ್ಕದ ಮನೆಯ ಬಾಗಿಲು ತಟ್ಟಿ ಏನನ್ನಾದರೂ ಕೇಳಿದ ನೆನಪು ನಿಮಗಿದೆಯೇ? “ಅಜ್ಜಿ, ಛೋಟಾವಾಲಾ ಬನಾವೋ ನಾ” ಎಂದು ನೀವು ಸಣ್ಣ ರೊಟ್ಟಿಗೆ ಹಟ ಹಿಡಿದಾಗ ಅವಳು ಸುಮ್ಮನೆ ಎದ್ದು ಹೋಗುತ್ತಾಳಲ್ಲ, ಅದು ಸಿಟ್ಟಲ್ಲ. ಅಷ್ಟು ಗೊತ್ತಿರಲಿ.

ಆಂಟಿಗೆ ಈಗ ತುಂಬ ವಯಸ್ಸಾಗಿದೆ. ಈ ಕ್ರಿಸ್‌ಮಸ್ಸಿಗೆ ನಿಮ್ಮನ್ನು ಅವರ ಮನೆಗೆ ಕರೆದುಕೊಂಡು ಹೋದಾಗ, ನೀವು ಟೀವಿ ನೋಡುತ್ತಿದ್ದಿರಿ, ನಾನು ಕೇಳಿಯೇಬಿಟ್ಟೆ:

“ಆಂಟಿ, ಅವತ್ತು ಪಾವ್ ರಾಶಿ ಬಿದ್ದಿತ್ತು, ನಾನು ನೋಡಿದ್ದೆ. ಅಂಥ ಮನೆಗೆ ಕೊಡೋಕೆ ಹೋಗಬಾರದು, ಕೇಳೋಕೆ ಹೋಗಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು? ನೀವೂ ಯಾವತ್ತೋ ಅವ್ವನ ಹಾಗೆ ಗೋಡೆಗೆ ಮುಖ ಮಾಡಿ ಮಲಗಿದ್ದಾಗ ನಿಮ್ಮ ಬಾಗಿಲಿಗೆ ಯಾರು ಬಂದಿದ್ದರು?”