ಚೀಲದ ಗಂಟು, ಸೀರೆಯ ಆನೆ

ದಬ್ಬಣ ಹಿಡಿದರೆ ಗಂಡಸು, ಸೂಜಿ ಹಿಡಿದರೆ ಹೆಣ್ಣಪ್ಪಿ. ಈ ಕಾಯದೆ ಬರೆದವರು ಯಾರು? ಒಮ್ಮೆ ತಂದು ನನ್ನೆದುರು ನಿಲ್ಲಿಸಿ. ಪುಣೆಯ ಬೀದಿಬೀದಿಯಲ್ಲಿ ದರ್ಜಿಗಳು ಗಂಡಸರೇ. ಮಶೀನಿನ ಮುಂದೆ ಕೂತರೆ ಅವರ ಮೀಸೆಗೇನೂ ಆಗುವುದಿಲ್ಲ, ಯಾಕೆಂದರೆ ಕಾಸು ಬರುತ್ತದೆ. ಅದೇ ಸೂಜಿಯನ್ನು ಸುಮ್ಮನೆ ಖುಷಿಗೆ ಹಿಡಿದು ನೋಡಿ, ಓಣಿಗೆ ಓಣಿಯೇ ಹಲ್ಲು ಕಿಸಿಯುತ್ತದೆ.

ಸಿದ್ರಾಮಪ್ಪನವರು ಅದೇ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರು. ಬೈಲಹೊಂಗಲದ ಕಡೆಯವರು, ಯಾರ್ಡಿಗೆ ಬಂದು ಇಪ್ಪತ್ತೆಂಟು ವರ್ಷ. ಚೀಲ ಬೆನ್ನಿಗೇರಿಸುವುದು, ಹರಿದ ಚೀಲದ ಬಾಯಿಯನ್ನು ದಬ್ಬಣದಿಂದ ಹೊಲಿದು ಸುತಳಿಗೆ ಎರಡು ಸುತ್ತಿನ ಗಂಟು ಬಿಗಿಯುವುದು ಅವರ ಕೆಲಸ. ಆ ಗಂಟು ಬಿಚ್ಚಿದರೆ ಕಡಲೆಬೇಳೆ ರಸ್ತೆಯ ಪಾಲು.

ತಾಯಿ ಶಿವಬಸವ್ವ ಕಸೂತಿಯಲ್ಲಿ ಪಳಗಿದ ಕೈ. ಕಣ್ಣು ಮಂಜಾದಾಗ ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡರು. "ಎಳಿ ನೀ ಎಣಸು, ಹೊಲಿಯೂದು ನಾ ನೋಡ್ಕೋತೇನಿ." ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಹೋದ ದಾರಿಯಲ್ಲೇ ದಾರ ಮರಳಿ ಬರಬೇಕು, ಸೀರೆಯ ಒಳಮೈ ಹೊರಮೈ ಒಂದೇ ಆಗಿ ಕಾಣಬೇಕು. ಗಂಟು ಮಾತ್ರ ಎಲ್ಲೂ ಕೂಡದು. ಎರಡು ಚಳಿಗಾಲ ಎಳೆ ಎಣಿಸಿದ ಮೇಲೆ ಸೂಜಿಯೂ ಮಗನ ಕೈಗೆ ಬಂತು. ತಾಯಿ ಒಳಮೈ ಮೇಲೆ ಹೆಬ್ಬೆರಳು ಸವರಿ ತಪ್ಪು ಹಿಡಿಯುತ್ತಿದ್ದರು. ತೀರಿಕೊಳ್ಳುವ ಮೊದಲು ಮೊಮ್ಮಗಳಿಗಾಗಿ ಕೇಳಿದ್ದು ಒಂದೇ: "ನೀತಾನ ಕುಬುಸಕ್ಕ ಆನಿ ಇರೂ ಸೀರಿ ಆಗಬೇಕು ನೋಡಪಾ."

ಈ ವರ್ಷ ಮಗಳು ನೀತಾಗೆ ಏಳನೇ ತಿಂಗಳ ಕುಬುಸ, ಅಂದರೆ ಸೀಮಂತ, ಗೊತ್ತಾಯಿತು. ಕೈಯಲ್ಲಿದ್ದದ್ದು ನಲವತ್ತು ದಿನ. ಹಸಿರು ಇಳಕಲ್ ಸೀರೆ, ಸೆರಗಿಗೆ ಆನೆಗಳ ಸಾಲು. ಪುರುಸೊತ್ತು ಎಲ್ಲಿಂದ ಬಂತು ಅಂತೀರಾ? ಒಂದು ಲಾರಿ ಖಾಲಿಯಾಗಿ ಇನ್ನೊಂದು ಬರುವ ನಡುವಿನ ಇಪ್ಪತ್ತು ನಿಮಿಷ. ಗೋದಾಮಿನ ಹಿಂದೆ ಚೀಲಗಳ ಸಂದಿಯಲ್ಲಿ ಕೂತು, ಸೀರೆಯನ್ನು ಹಳೇ ಪಂಚೆಯಲ್ಲಿ ಸುತ್ತಿ, ಸೆರಗಷ್ಟೇ ಹೊರಗಿಟ್ಟುಕೊಳ್ಳುವುದು. ಹಾರ್ನ್ ಕೇಳಿದರೆ ಸೂಜಿ ಟೋಪಿಯ ಮಡಿಕೆಯೊಳಗೆ.

ಜೊತೆಯ ಹಮಾಲ ಮಧುಕರ ಒಂದು ದಿನ ಆ ಸಂದಿಯಲ್ಲಿ ಇಣುಕಿಯೇಬಿಟ್ಟ. "ಕಾಯ್ ಸಿದ್ರಾಮಾ, ಸಾಸರೀ ಚಾಲ್ಲಾಸ್ ಕಾ?" ಗಂಡನ ಮನೆಗೆ ಹೊರಟೆಯಾ ಎಂದು! ಯಾರ್ಡಿಗೆ ಯಾರ್ಡೇ ನಕ್ಕಿತು.

ಸಿದ್ರಾಮಪ್ಪನವರಿಗೆ ತಮ್ಮ ಚಿಂತೆ ಇರಲಿಲ್ಲ. ನೀತಾಳನ್ನು ಕೊಟ್ಟ ಮನೆ ಕಾಳುಕಡಿಯ ದೊಡ್ಡ ವ್ಯಾಪಾರಿಗಳದ್ದು. "ನಿಮ್ಮಪ್ಪ ಹೆಣ್ಣಪ್ಪಿ" ಎಂಬ ಮಾತು ಅಲ್ಲಿ ಹುಟ್ಟಿದರೆ ಮಗಳು ಅದನ್ನು ಜೀವಮಾನವಿಡೀ ಕೇಳಬೇಕು. ಹೆಂಡತಿ ಇಂದೂಬಾಯಿಗೆ ಹೇಳಿಟ್ಟರು: "ಯಾರರ ಕೇಳಿದ್ರ ನೀನ ಹೊಲದೇನಿ ಅನ್ನು."

"ಅಯ್ಯ ಶಿವನ! ನನಗ ಅಂಗಿ ಗುಂಡಿ ಹಚ್ಚಾಕ ಬರಂಗಿಲ್ಲ. ನಾ ಹೊಲದೇನಿ ಅಂದ್ರ ಆ ಆನೀನ ನಗತಾವು."

ಇಂದೂಬಾಯಿಗೆ ಸೂಜಿ ಒಲಿದಿಲ್ಲ. ಹೆಂಗಸಿಗೆ ಹೊಲಿಗೆ ಬಾರದಿದ್ದರೆ ಅದನ್ನೂ ನಮ್ಮ ಮಂದಿ ಅಪರಾಧವೆಂದೇ ಹಿಡಿಯುತ್ತಾರೆ. ಆದರೂ ಗಂಡನ ಮುಖ ನೋಡಿ ಒಪ್ಪಿದರು.

ಕುಬುಸದ ಹಿಂದಿನ ದಿನ, ಕೊನೆಯ ಆನೆಯ ಬಾಲ ಮುಗಿಯುತ್ತಿದ್ದಾಗ ಲಾರಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ಸಿದ್ರಾಮಪ್ಪನವರು ಗಡಿಬಿಡಿಯಲ್ಲಿ ದಾರ ಮುಗಿಸಿ, ಸೀರೆ ಮಡಚಿಟ್ಟು ಓಡಿದರು.

ಮರುದಿನ ಬೀಗರ ಮನೆಯಲ್ಲೇ ಕುಬುಸ. ಆ ಮನೆಯ ಹಿರಿಯಜ್ಜಿ ಗೌರಾಬಾಯಿ ಸೀರೆ ಕೈಗೆತ್ತಿಕೊಂಡರು. ಎಂಬತ್ತು ದಾಟಿದ ಜೀವ. ಸೆರಗಿನ ಚೆಂದವನ್ನು ನೋಡಲೇ ಇಲ್ಲ, ತಿರುವಿ ಒಳಮೈ ನೋಡಿದರು. ಬಲ್ಲವರು ನೋಡುವುದೇ ಹಾಗೆ. ಹೆಬ್ಬೆರಳು ಆನೆಯಿಂದ ಆನೆಗೆ ಸಾಗಿ ಕೊನೆಯ ಬಾಲದ ಹತ್ತಿರ ನಿಂತಿತು.

"ಇಂದೂಬಾಯಿ, ಯಾರ ಹೊಲದಾರವಾ ಇದನ್ನ?"

"ನಾನ ರೀ, ಅಮ್ಮಾರ."

"ನಮ್ಮ ಅಂಗಡ್ಯಾಗ ಐವತ್ತ ವರ್ಷ ಚೀಲ ನೋಡೇನಿ. ಇದು ಹಮಾಲರ ಗಂಟು. ನೀ ಯಾವಾಗ ಹಮಾಲಿ ಮಾಡಿದೆವಾ?"

ಹೆಂಗಸರೆಲ್ಲ ಗೊಳ್ಳೆಂದರು. ಇಂದೂಬಾಯಿಯ ಮುಖ ಕೆಂಪಾಯಿತು, ನೀತಾ ತಲೆ ತಗ್ಗಿಸಿದಳು. ಗಂಡನದು ಇಪ್ಪತ್ತೆಂಟು ವರ್ಷದ ರೂಢಿ. ಆ ಹಾರ್ನಿನ ಗದ್ದಲದಲ್ಲಿ ಕೈ ತಾನಾಗಿಯೇ ಚೀಲದ ಗಂಟು ಬಿಗಿದಿತ್ತು. ಸಿದ್ರಾಮಪ್ಪನವರು ಬಾಗಿಲಾಚೆ ಗಂಡಸರ ಜೊತೆ ನಿಂತಿದ್ದರು. ಸುಮ್ಮನಿದ್ದಿದ್ದರೆ ಗುಟ್ಟು ಹೇಗೋ ಉಳಿಯುತ್ತಿತ್ತು, ಆದರೆ ಸುಳ್ಳುಗಾತಿ ಎನಿಸಿಕೊಳ್ಳುತ್ತಿದ್ದವರು ಹೆಂಡತಿ. ಎಷ್ಟು ಮಂದಿ ಗಂಡಸರು ಹೀಗೆ ಬಾಗಿಲಾಚೆಯೇ ನಿಂತು ಮರ್ಯಾದೆ ಉಳಿಸಿಕೊಂಡಿಲ್ಲ!

ಅವರು ಒಳಗೆ ಬಂದರು. "ಗಂಟು ನಂದರೀ ಅಮ್ಮಾರ. ಆನೀನೂ ನಾನ ಹೊಲದೇನ್ರಿ."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಯಾರ ಕಲಿಸಿದ್ರು?"

"ನಮ್ಮವ್ವರೀ."

"ಇಷ್ಟ ಚೆಂದ ಕಲಿಸಿದಾಕಿ ಹೆಸರು ಒಂದ ಗಂಟಿನಾಗ ಕೆಡಿಸಿದೆಲ್ಲಪಾ! ಕೂಡು. ಬಿಚ್ಚು. ಸೂಜಿ ಎಲ್ಲದ?"

ಸೂಜಿ ಟೋಪಿಯ ಮಡಿಕೆಯಿಂದಲೇ ಬಂತು. ಹಸಿರು ಬಳೆಗಳ ಸಾಲಿನ ನಡುವೆ ಆ ದಪ್ಪ ಬೆರಳುಗಳು ಗಂಟು ಬಿಚ್ಚಿ, ಬಾಲವನ್ನು ಬಿಡಿಸಿ, ಮತ್ತೆ ಹೊಲಿಯತೊಡಗಿದವು. ತುಟಿ ಎಳೆ ಎಣಿಸುತ್ತಿತ್ತು. ಪಕ್ಕದಲ್ಲಿದ್ದ ಒಬ್ಬಾಕೆಯೂ ತನಗರಿವಿಲ್ಲದೆ ಜೊತೆಗೆ ಎಣಿಸತೊಡಗಿದಳು. ದಾರ ಹೋದ ದಾರಿಯಲ್ಲೇ ಮರಳಿತು. ಅಜ್ಜಿ ಹೆಬ್ಬೆರಳು ಸವರಿದರು.

"ಭಾಳ ಚಲೋ ಆತು. ಉಡಸ್ರಿ ಹುಡಿಗಿಗೆ."

ಅವತ್ತು ಆರತಿಗೆ ಬಂದ ಒಬ್ಬೊಬ್ಬರಿಗೂ ನೀತಾ ಸೆರಗು ಎತ್ತಿ ತೋರಿಸಿದ್ದೇ ತೋರಿಸಿದ್ದು. "ನಮ್ಮಪ್ಪ ಹೊಲದಾನ್ರಿ. ತಿರುವಿ ನೋಡ್ರಿ ಬೇಕಾದ್ರ!"

ಆ ಮನೆಯಲ್ಲಿ ಕುಬುಸದ ಸೀರೆಗೆ ಕಸೂತಿ ಹಾಕಿದವರಿಗೆ ಒಂದು ಖಣ ಕೊಡುವ ಪದ್ಧತಿ. ಇಂದೂಬಾಯಿಗೆಂದು ತೆಗೆದಿಟ್ಟ ಆ ರವಿಕೆ ಬಟ್ಟೆಯನ್ನು ಅಜ್ಜಿ ಸಿದ್ರಾಮಪ್ಪನವರ ಕೈಗಿಟ್ಟರು.

"ನಾ ಇದನ್ನ ಏನ ಮಾಡ್ಲಿರೀ ಅಮ್ಮಾರ?"

"ತೊಟ್ಕೋ ಅಂದೆನೇನ? ತೋಳಿಗೆ ಗಿಣಿ ಹಾಕಿ ತಂದ ಕೊಡು. ನನಗ!"

ಇಂದೂಬಾಯಿ ನಕ್ಕಷ್ಟು ಅವತ್ತು ಯಾರೂ ನಗಲಿಲ್ಲ.

ಸೋಮವಾರ ಸಿದ್ರಾಮಪ್ಪನವರು ಸಂದಿಗೆ ಹೋಗಲಿಲ್ಲ. ಗೋದಾಮಿನ ಮುಂದೆ, ಚೀಲಗಳ ಒಟ್ಟಿಲ ಮೇಲೆ, ಎಲ್ಲರಿಗೂ ಕಾಣುವಂತೆ ಖಣ ಹರವಿಕೊಂಡು ಕೂತರು. ಮಧುಕರ ಬಂದ, ನೋಡಿದ, ನಗಬೇಕೆಂದು ಬಾಯಿ ತೆರೆದ. ಆಮೇಲೆ ಬಗ್ಗಿ ಇನ್ನಷ್ಟು ಹತ್ತಿರದಿಂದ ನೋಡಿದ. ಅಷ್ಟರಲ್ಲಿ ಲಾರಿ ಹಾರ್ನ್ ಹೊಡೆಯಿತು. ಸಿದ್ರಾಮಪ್ಪನವರ ಕೈ ಟೋಪಿಯ ಕಡೆ ಹೋಗುವ ಮೊದಲೇ ಮಧುಕರ ರಸ್ತೆಗೆ ತಿರುಗಿ ಕೈಯೆತ್ತಿ ಗದರಿದ:

"ಥಾಂಬ್ ರೇ! ಪೋಪಟಾಚೀ ಚೋಚ್ ರಾಹಿಲೀಯ್!"

ತಡಿಯೋ, ಗಿಣಿಯ ಕೊಕ್ಕು ಉಳಿದಿದೆ! ಲಾರಿ ನಿಂತಿತು.