ರಂಗಿಯ ಮೂತಿ, ನನ್ನ ಮೀಸೆ

ಹೋದ ತಿಂಗಳು ನಾನೊಂದು ನಾಯಿಗೆ ಕಾಡಿಗೆ ಹಚ್ಚಿದೆ. ಕಣ್ಣಿಗಲ್ಲ ಸ್ವಾಮಿ, ಮೂತಿಗೆ.

ಹೊಳೆನರಸೀಪುರದಲ್ಲಿ ಸರೋಜಮ್ಮ ಎಂಬ ರಿಟೈರ್ಡ್ ನರ್ಸ್ ಇದ್ದಾರೆ. ಬೀದಿಪಾಲಾದ ನಾಯಿಗಳನ್ನು ತಂದು ಸಾಕಿ, ಕೇಳಿದವರಿಗೆ ಕೊಡುತ್ತಾರೆ. ಮರಿಗಳಿಗೆ ಕ್ಯೂ. ರಂಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಒಂಬತ್ತು ವರ್ಷ. ಮೈಯೆಲ್ಲ ಕಪ್ಪು, ಮೂತಿ ನರೆತು ಬೆಳ್ಳಗೆ. ಗೇಟು ಸದ್ದಾದರೆ ಮೊದಲು ಓಡಿ ಬರುವವಳು ಅವಳೇ. ಬಂದವರು ಅವಳನ್ನು ದಾಟಿಕೊಂಡು ಮರಿ ನೋಡಲು ಹೋಗುತ್ತಾರೆ.

"ಇದ್ಕೆ ಇನ್ ಮನೆ ಸಿಕ್ಕಲ್ಲ ಕಣ್ ಸಾ," ಎಂದರು ಸರೋಜಮ್ಮ.

ಯಾರ ಮುಂದೆ ಈ ಮಾತು? ಅರಕಲಗೂಡು ತಾಲ್ಲೂಕಿನಲ್ಲಿ ಹನ್ನೊಂದು ಮದುವೆ ಕುದುರಿಸಿದ ಆಸಾಮಿ ನಾನು! ನಲವತ್ತೆರಡರ ಗಂಡಿಗೆ ಡೈ ಹಚ್ಚಿಸಿ, ಮೂವತ್ತೈದು ಅಂತ ಹೆಣ್ಣಿನ ಮನೆಯಲ್ಲಿ ಕೂರಿಸಿದವನು. (ಆ ಹೆಣ್ಣಿನವರು ಈಗ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ಅದು ಬೇರೆ ವಿಷಯ.) ನನ್ನ ಮೀಸೆಯೂ ಇಪ್ಪತ್ತು ವರ್ಷದಿಂದ ಅದೇ ಡೈ ಪ್ಯಾಕೆಟ್ಟಿನ ಕೃಪೆ. ನಾಯಿ ನೆಕ್ಕಿಕೊಂಡರೆ ಡೈ ವಿಷವಂತೆ. ಅದಕ್ಕೇ ಕಾಡಿಗೆ.

ಭಾನುವಾರ ಚನ್ನರಾಯಪಟ್ಟಣದಿಂದ ಒಬ್ಬ ಮೇಷ್ಟ್ರು ಮಗಳ ಜೊತೆ ಬಂದರು. ಸರೋಜಮ್ಮ ಒಳಗೆ ನಾಯಿಗಳಿಗೆ ಅನ್ನ ಬೇಯಿಸುತ್ತಿದ್ದರು.

"ಎರಡೇ ವರ್ಷ ಸಾ. ಚಿನ್ನದಂಥ ನಾಯಿ," ಎಂದೆ.

ಹುಡುಗಿ ತಬ್ಬಿಕೊಂಡಳು. ರಂಗಿ ಮುಖವೆಲ್ಲ ನೆಕ್ಕಿದಳು. ಹುಡುಗಿಗೆ ಕಪ್ಪು ಮೀಸೆ ಬಂತು, ರಂಗಿಗೆ ಬಿಳಿ ಗಡ್ಡ.

"ಅಪ್ಪಾ, ಇದು ಅಜ್ಜಿ ನಾಯಿ ಕಣಪ್ಪ! ನಂಗಿದೇ ಬೇಕು!"

ಮೇಷ್ಟ್ರು ನನ್ನನ್ನೇ ನೋಡಿದರು. "ವಯಸ್ಸಾಗೈತೆ ಅಂದಿದ್ರೂ ತಗೊಂಡೋಗ್ತಿದ್ದೆ ಸ್ವಾಮಿ. ಇದ್ನೇ ಮುಚ್ಚಿಟ್ಟೋರು ಇನ್ನೇನೇನ್ ಮುಚ್ಚಿಟ್ಟಿದ್ದೀರೋ! ಕಾಯ್ಲೆನೋ, ಕಚ್ಚೋದೋ... ನಡಿಯಮ್ಮ."

ಹುಡುಗಿ ಅಳುತ್ತಾ ಹೋದಳು. ರಂಗಿ ಗೇಟಿನವರೆಗೂ ಹೋಗಿ, ಬಾಲ ಆಡಿಸುತ್ತಾ ನಿಂತೇ ಇದ್ದಳು.

ಸರೋಜಮ್ಮ ಒದ್ದೆ ಬಟ್ಟೆ ತಂದು ನನ್ನ ಕೈಗಿಟ್ಟರು. "ಒರ್ಸಿ. ಬಂದಿದ್ದ ಒಂದ್ ಮನೆನೂ ಕಳೆದ್ರಲ್ಲ ಸಾ."

ಒರೆಸಿದೆ. ಮನೆಗೆ ಬಂದು ನನ್ನ ಮೀಸೆಯನ್ನೂ ಬೋಳಿಸಿದೆ. ಮೂರು ವಾರಕ್ಕೆ ಮತ್ತೆ ಬೆಳೆಯಿತು. ಪೂರ್ತಿ ಹತ್ತಿ! ಅದೇ ಮೂತಿಯಲ್ಲಿ ಚನ್ನರಾಯಪಟ್ಟಣದ ಬಸ್ಸು ಹತ್ತಿ, ಮನೆ ಕೇಳಿಕೊಂಡು ಹೋಗಿ ಮೇಷ್ಟ್ರ ಬಾಗಿಲು ತಟ್ಟಿದೆ.

"ಯಾರ್ ಬೇಕಿತ್ತು ತಾತ?" ಎಂದರು ಬಾಗಿಲು ತೆಗೆದ ಮೇಷ್ಟ್ರು, ಗುರುತು ಸಿಗದೆ.

ತಾತ! ಅರವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಕೇಳಿಸಿಕೊಂಡೆ.

ಹಿಂದಿನಿಂದ ಹುಡುಗಿ ಇಣುಕಿದಳು. "ಅಪ್ಪಾ, ಆ ನಾಯಿ ಅಂಕಲ್ಲು! ಇವ್ರ್ ಮೂತಿನೂ ಯಾರೋ ಒರ್ಸವ್ರೆ!"

ಮೇಷ್ಟ್ರು ನಕ್ಕುಬಿಟ್ಟರು. ಆ ಸಂದಿನಲ್ಲೇ ನಿಜವನ್ನೆಲ್ಲ ಒಪ್ಪಿಸಿದೆ. ಒಂಬತ್ತು ವರ್ಷ. ಹಿಂಗಾಲು ನೋವು. ಗುಡುಗಿದರೆ ಮಂಚದಡಿ ಸೇರುತ್ತಾಳೆ. ಕಚ್ಚುವುದಿಲ್ಲ, ಹಲ್ಲೇ ನಾಲ್ಕಾರು ಉಳಿದಿವೆ.

ಅವತ್ತು ಸಂಜೆ ರಂಗಿ ಹುಡುಗಿಯ ತೊಡೆ ಮೇಲೆ ತಲೆಯಿಟ್ಟುಕೊಂಡು ಕಾರಿನಲ್ಲಿ ಹೊರಟಳು.

ಅವಳದು ಸೆಟಲ್ ಆಯಿತು. ನನ್ನದೇ ಬಾಕಿ: ಬಿಳಿ ಮೀಸೆ ನೋಡಿದ ನನ್ನ ಹೆಂಡತಿ, ಇಟ್ಟುಕೊಳ್ಳುವುದೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದ್ದಾಳೆ.